ಸಾಕುಪ್ರಾಣಿಗಳ ಪ್ರಯಾಣದ ನಿಯಮ: ನಮ್ಮ ವಾರ್ಡ್ ಸಭೆಯಲ್ಲಿ ಪಾಲಿಕೆ ಸದಸ್ಯೆ ಹೇಳಿದ್ದು, ಮತ್ತು ಮೂವರಿಗೆ ಆದ ಸನ್ಮಾನ

ಚರ್ಚೆ ಆರಂಭಿಸಿದವರು, ಕಲಬುರಗಿ

ಎಲ್ಲರಿಗೂ ಶರಣು. ಕಳೆದ ಭಾನುವಾರ ಸಂಜೆ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ವಾರ್ಡಿನ ಪಾಲಿಕೆ ಸದಸ್ಯೆ ಕರೆದಿದ್ದ ಸಭೆಗೆ ಬರಲಾಗದವರು ಅಲ್ಲಿ ಏನಾಯಿತೆಂದು ಕೇಳುತ್ತಿರುವುದರಿಂದ, ನಾನು ಬರೆದುಕೊಂಡಷ್ಟನ್ನು ಇಲ್ಲಿ ಇಡುತ್ತಿದ್ದೇನೆ. ಸಭೆಯ ವಿಷಯ ಎರಡು. ಸಾಕಿದ ನಾಯಿ, ಬೆಕ್ಕುಗಳನ್ನು ರೈಲು ಮತ್ತು ಬಸ್ಸುಗಳಲ್ಲಿ ಕರೆದೊಯ್ಯುವ ನಿಯಮಗಳೇನು ಎಂಬುದು ಒಂದು. ಮೂಕಪ್ರಾಣಿಗಳಿಗಾಗಿ ವರ್ಷಗಟ್ಟಲೆ ದುಡಿದ ಮೂವರು ನಿವಾಸಿಗಳ ಸನ್ಮಾನ ಇನ್ನೊಂದು.

ಸಭೆಗೆ ಕಾರಣವಾದದ್ದು ನಮ್ಮ ಓಣಿಯಲ್ಲೇ ನಡೆದ ಸಂಗತಿ. ಪುಣೆಯಲ್ಲಿರುವ ಮಗನ ಮನೆಗೆ ಹೋಗಿ ನೆಲೆಸಲು ಏಪ್ರಿಲ್ ತಿಂಗಳಲ್ಲಿ ಹೊರಟ ಹಿರಿಯ ದಂಪತಿ, ಎಂಟು ವರ್ಷದಿಂದ ಸಾಕಿದ ನಾಯಿಯನ್ನು ಜೊತೆಗೆ ಕರೆದುಕೊಂಡು, ಎರಡನೇ ದರ್ಜೆ ಎಸಿ ಟಿಕೆಟ್ ಹಿಡಿದು ರೈಲು ಹತ್ತಲು ಹೋದರು. ಬೋಗಿಯ ಬಾಗಿಲಲ್ಲಿ ಅವರನ್ನು ತಡೆದ ಟಿಕೆಟ್ ತಪಾಸಕರದು ತಪ್ಪಲ್ಲ, ನಿಯಮವೇ ಹಾಗಿದೆ. "ನಾಯಿಗೂ ಒಂದು ಟಿಕೀಟು ಕೊಡ್ರಿ ಸಾಹೇಬ್ರ, ಎಷ್ಟಾಗ್ತದೋ ಅಷ್ಟು ಕೊಡ್ತೀನಿ" ಎಂದು ಅಜ್ಜ ಕೇಳಿಕೊಂಡರಂತೆ. ರೈಲು ನಿಲ್ಲುವ ಕೆಲವೇ ನಿಮಿಷಗಳಲ್ಲಿ ತೀರ್ಮಾನವಾಗಬೇಕಿತ್ತು. ಅಜ್ಜಿ ಒಬ್ಬರೇ ಪುಣೆಗೆ ಹೋದರು. ಅಜ್ಜ ನಾಯಿಯೊಂದಿಗೆ ಮನೆಗೆ ಮರಳಿದರು. ಅಂದಿನಿಂದ ಅವರು ಒಬ್ಬರೇ ಅಡುಗೆ ಮಾಡಿಕೊಂಡು ಇದ್ದಾರೆ.

ರೈಲಿನ ನಿಯಮವನ್ನು ಪಾಲಿಕೆ ಸದಸ್ಯೆ ಓದಿ ವಿವರಿಸಿದ್ದು ಹೀಗೆ. ಎರಡನೇ ಮತ್ತು ಮೂರನೇ ದರ್ಜೆ ಎಸಿ, ಎಸಿ ಚೇರ್ ಕಾರ್, ಸ್ಲೀಪರ್ ಮತ್ತು ಸಾಮಾನ್ಯ ಬೋಗಿಗಳಲ್ಲಿ ನಾಯಿಯನ್ನು ಕರೆದೊಯ್ಯುವಂತಿಲ್ಲ. ಮೊದಲ ದರ್ಜೆಯ ಎಸಿ ಬೋಗಿಯಲ್ಲಿ ಎರಡು ಬರ್ತ್‌ಗಳ ಕೂಪೆ ಅಥವಾ ನಾಲ್ಕು ಬರ್ತ್‌ಗಳ ಕ್ಯಾಬಿನ್ ಪೂರ್ತಿಯಾಗಿ ನಮ್ಮ ಹೆಸರಿನಲ್ಲೇ ಇದ್ದರೆ ಮಾತ್ರ ಅದನ್ನು ನಮ್ಮ ಜೊತೆ ಇರಿಸಿಕೊಳ್ಳಬಹುದು. ಅದಾಗದಿದ್ದರೆ ಗಾರ್ಡ್ ಇರುವ ಲಗೇಜ್ ವ್ಯಾನಿನ ಡಾಗ್ ಬಾಕ್ಸ್‌ನಲ್ಲಿ ಕಳುಹಿಸಬೇಕು. ಎರಡಕ್ಕೂ ಪಾರ್ಸೆಲ್ ಕಚೇರಿಯಲ್ಲಿ ಮುಂಚಿತವಾಗಿ ಹಣ ಕಟ್ಟಿ ರಸೀದಿ ಪಡೆಯಬೇಕು. ದಾರಿಯಲ್ಲಿ ಊಟ, ನೀರಿನ ಹೊಣೆ ಸಾಕಿದವರದೇ. ಇದನ್ನು ಹೇಳಿದ ಮೇಲೆ ಅವರು ಆಡಿದ ಮಾತು ನನಗೆ ಹಿಡಿಸಿತು. "ರೈಲ್ವೆ ಕೇಂದ್ರದ್ದು, ಬಸ್ಸು ನಿಗಮದ್ದು, ಇದ್ಯಾವುದೂ ನನ್ನ ಕೈಯಾಗ ಇಲ್ಲರಿ. ಆದರ ನಿಮ್ಮ ಅರ್ಜಿ ಹಿಡ್ಕೊಂಡು ಆ ಕಚೇರಿ ಬಾಗಿಲಿಗಿ ಹೋಗೋದು ನನ್ನ ಕೆಲಸ ಅದ" ಎಂದರು. ತಮ್ಮ ಅಧಿಕಾರದ ಗಡಿಯನ್ನು ಮುಚ್ಚಿಡದೆ ಹೇಳಿ, ಅದರೊಳಗೆ ಏನಾಗುತ್ತದೋ ಅದನ್ನು ಒಪ್ಪಿಕೊಳ್ಳುವ ಜನಪ್ರತಿನಿಧಿ ನಮಗೆ ಬೇಕು.

ಸನ್ಮಾನ ಪಡೆದವರು ಗಾಯಗೊಂಡ ಪ್ರಾಣಿಗಳನ್ನು ಬಾಡಿಗೆ ಕೇಳದೆ ಪಶು ಆಸ್ಪತ್ರೆಗೆ ಮುಟ್ಟಿಸುವ ಆಟೋ ಚಾಲಕರು, ಪಶು ಆಸ್ಪತ್ರೆಯ ನಿವೃತ್ತ ಕಾಂಪೌಂಡರ್, ಮತ್ತು ಬೇಸಿಗೆಯುದ್ದಕ್ಕೂ ನಾಲ್ಕು ಕಡೆ ಕಲ್ಲಿನ ದೋಣಿಗಳಲ್ಲಿ (ತೊಟ್ಟಿಗಳಲ್ಲಿ) ನೀರು ತುಂಬಿಡುವ ಒಬ್ಬ ಪೌರಕಾರ್ಮಿಕ ತಾಯಿ. ರೈಲ್ವೆಗೂ ಸಾರಿಗೆ ನಿಗಮಕ್ಕೂ ನಾವು ಕೊಡಬೇಕಾದ ಅರ್ಜಿಯಲ್ಲಿ ಏನೇನು ಇರಬೇಕೆಂಬುದನ್ನು ಇಲ್ಲಿ ಚರ್ಚಿಸಿ ತಿಳಿಸಿರೆಂದು ಕೋರುತ್ತೇನೆ.

ನಿವೃತ್ತ ನೌಕರರು, ಬೀದರ್

ವಿವರಕ್ಕೆ ಧನ್ಯವಾದಗಳು. ನಮ್ಮ ಕಡೆಯಿಂದ ಒಂದು ತೊಡಕನ್ನು ಗಮನಕ್ಕೆ ತರುತ್ತೇನೆ. ಬೀದರ್–ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದಾಗ, ಹುಮನಾಬಾದ್ ಮತ್ತು ಕಮಲಾಪುರದ ಕಡೆಯವರೂ ಸೇರಿ ನಾವೆಲ್ಲ ಎಷ್ಟು ಸಂತೋಷಪಟ್ಟೆವೆಂಬುದು ನಿಮಗೆ ನೆನಪಿರಬಹುದು. ಸುಮಾರು 110 ಕಿಲೋಮೀಟರ್‌ಗಳ ಆ ದಾರಿಯಲ್ಲಿ ಓಡುವ ಡೆಮು (ಕಡಿಮೆ ದೂರದ ಡೀಸೆಲ್ ಪ್ಯಾಸೆಂಜರ್) ರೈಲಿಗೆ ಮೊದಲ ದರ್ಜೆಯ ಎಸಿ ಬೋಗಿಯೇ ಇಲ್ಲ. ಕೂಪೆಯೇ ಇಲ್ಲದ ರೈಲಿಗೆ ಕೂಪೆಯ ನಿಯಮ ಹೇಗೆ ಅನ್ವಯಿಸಬೇಕು? 2024ರ ಮಾರ್ಚ್‌ನಲ್ಲಿ ಆರಂಭವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ರೈಲಿನಲ್ಲಿ ಇರುವುದೂ ಚೇರ್ ಕಾರ್ ಬೋಗಿಗಳು; ಅಲ್ಲಿಯೂ ನಾಯಿಗೆ ಜಾಗವಿಲ್ಲ. ಹೊಸದಾಗಿ ಬರುತ್ತಿರುವ ಸೌಕರ್ಯಗಳು ಹಳೆಯ ನಿಯಮದ ಹೊರಗೆ ಉಳಿಯುತ್ತಿವೆ ಎಂಬುದನ್ನು ಅರ್ಜಿಯಲ್ಲಿ ಬರೆಯಬೇಕು.

ಇನ್ನೊಂದು ಸಂಗತಿಯನ್ನು ಅರ್ಜಿ ಬರೆಯುವವರು ಮೊದಲೇ ತಿಳಿದಿರಬೇಕು. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೋಲಾಪುರ ವಿಭಾಗಕ್ಕೆ ಸೇರಿದೆ, ನಮ್ಮ ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗಕ್ಕೆ. ಅಕ್ಕಪಕ್ಕದ ಮೂರು ಜಿಲ್ಲೆಗಳ ನಾವು ಒಂದೇ ಬೇಡಿಕೆಯನ್ನು ಬೇರೆ ಬೇರೆ ರಾಜ್ಯಗಳಲ್ಲಿರುವ ಕಚೇರಿಗಳಿಗೆ ಬರೆಯಬೇಕಾಗಿದೆ. ಕಲಬುರಗಿಗೆ ಪ್ರತ್ಯೇಕ ರೈಲ್ವೆ ವಿಭಾಗ ಬೇಕೆಂದು ಇಷ್ಟು ವರ್ಷಗಳಿಂದ ಕೇಳುತ್ತಿರುವುದರ ಅಗತ್ಯ ಇಂಥ ಸಣ್ಣ ಕೆಲಸಗಳಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಕೂಪೆಯಲ್ಲಿ ನಾಯಿಯೊಂದಿಗೆ ಪ್ರಯಾಣಿಸಿದವರು, ಕಲಬುರಗಿ

ನಾನು ಮತ್ತು ನನ್ನ ಯಜಮಾನರು ಕಳೆದ ಡಿಸೆಂಬರ್‌ನಲ್ಲಿ ನಮ್ಮ ನಾಯಿಯನ್ನು ಬೆಂಗಳೂರಿಗೆ ಹೀಗೆಯೇ ಕರೆದೊಯ್ದ ಕಾರಣ, ಕಾಗದದ ಮೇಲಿನ ನಿಯಮ ಹೇಗೆ ನಡೆಯುತ್ತದೆಂದು ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಮೊದಲ ದರ್ಜೆಯ ಎರಡು ಟಿಕೆಟ್‌ಗಳನ್ನು ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಬೇಕು. ಆದರೆ ಟಿಕೆಟ್ ಮಾಡಿಸುವಾಗ ಕೂಪೆಯನ್ನು ನಾವೇ ಆರಿಸಿಕೊಳ್ಳಲು ಬರುವುದಿಲ್ಲ. ಯಾರಿಗೆ ಕೂಪೆ, ಯಾರಿಗೆ ಕ್ಯಾಬಿನ್ ಎಂಬುದು ಚಾರ್ಟ್ ಸಿದ್ಧವಾದಾಗಲೇ ತಿಳಿಯುತ್ತದೆ. ಆದ್ದರಿಂದ ರೈಲ್ವೆಯ ವಾಣಿಜ್ಯ ವಿಭಾಗಕ್ಕೆ, ನಾಯಿ ಜೊತೆಗಿರುವುದರಿಂದ ಕೂಪೆಯನ್ನೇ ಕೊಡಬೇಕೆಂದು ಕೋರಿ ಮೊದಲೇ ಅರ್ಜಿ ಸಲ್ಲಿಸಬೇಕು. ಅರ್ಜಿ ಕೊಟ್ಟರೂ ಖಾತರಿಯಿಲ್ಲ. ಆ ಎರಡು ಮೂರು ದಿನ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯ ನಿದ್ದೆ ಇರಲಿಲ್ಲ.

ಕೂಪೆ ಸಿಕ್ಕಿದ ಮೇಲೆ, ರೈಲು ಬರುವ ಮೂರು ಗಂಟೆ ಮೊದಲೇ ಪಾರ್ಸೆಲ್ ಕಚೇರಿಗೆ ಹೋಗಿ, ಟಿಕೆಟ್ ಮತ್ತು ಗುರುತಿನ ಚೀಟಿಯ ಪ್ರತಿಗಳು, ಲಸಿಕೆಯ ಪುಸ್ತಕ, ಪಶುವೈದ್ಯರು ಕೊಟ್ಟ ಪ್ರಯಾಣ ಯೋಗ್ಯತೆಯ ಪ್ರಮಾಣಪತ್ರ ತೋರಿಸಿದೆವು. ನಾಯಿಯ ಶುಲ್ಕ ನಮ್ಮ ಟಿಕೆಟ್ ಹಣದ ಮುಂದೆ ಚಿಕ್ಕದೇ. ನಿಜವಾದ ಭಾರ ಮೊದಲ ದರ್ಜೆಯ ಎರಡು ಟಿಕೆಟ್‌ಗಳದು. ಒಬ್ಬರೇ ಪ್ರಯಾಣಿಸುವವರು, ಪಿಂಚಣಿಯಲ್ಲಿ ಬದುಕುವವರು, ಓದುವ ಹುಡುಗರು ಅದನ್ನು ಹೇಗೆ ಹೊರಬೇಕು?

ಡಾಗ್ ಬಾಕ್ಸ್ ಬಗ್ಗೆಯೂ ಹೇಳಬೇಕು. ಅದಕ್ಕಿಂತ ಮೊದಲಿನ ಒಂದು ಪ್ರಯಾಣದಲ್ಲಿ ಬೇರೊಂದು ನಿಲ್ದಾಣದಿಂದ ನಮ್ಮ ಹಿಂದಿನ ನಾಯಿಯನ್ನು ಅದರಲ್ಲಿ ಕಳುಹಿಸಿದ್ದೆವು. ನಮ್ಮ ಬೋಗಿ ಮುಂದೆ, ಅದು ಕೊನೆಯಲ್ಲಿ. ಪ್ರತಿ ದೊಡ್ಡ ನಿಲ್ದಾಣದಲ್ಲಿ ನನ್ನ ಯಜಮಾನರು ನೀರಿನ ಬಾಟಲಿ ಹಿಡಿದು ಪ್ಲಾಟ್‌ಫಾರ್ಮ್ ಉದ್ದಕ್ಕೂ ಓಡಿದರು. ಎರಡು ಕಡೆ ಅವರು ಮುಟ್ಟುವ ಮೊದಲೇ ರೈಲು ಹೊರಟಿತು. ಇಳಿಸಿಕೊಂಡಾಗ ಅದು ನಮ್ಮನ್ನು ಗುರುತಿಸಿತು, ಆದರೆ ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಅಂದಿನಿಂದ ಡಾಗ್ ಬಾಕ್ಸ್ ಎಂಬ ಮಾತನ್ನೇ ನಾವು ಎತ್ತಿಲ್ಲ.

ಪಶುವೈದ್ಯರು, ಬೀದರ್

ಮೇಲಿನವರು ಬರೆದದ್ದಕ್ಕೆ ವೈದ್ಯಕೀಯ ಕಾರಣವಿದೆ. ನಾಯಿಗಳು ನಮ್ಮಂತೆ ಮೈಯಿಂದ ಬೆವರಿ ತಂಪಾಗುವುದಿಲ್ಲ. ನಾಲಿಗೆ ಚಾಚಿ ತೇಕುವುದೇ ಅವುಗಳಿಗೆ ಮುಖ್ಯ ದಾರಿ. ಗಾಳಿಯಾಡದ ಬಿಸಿ ಜಾಗದಲ್ಲಿ ಆ ದಾರಿ ಕೆಲಸ ಮಾಡುವುದಿಲ್ಲ. ಕಲಬುರಗಿ, ಯಾದಗಿರಿಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ತಾಪಮಾನ 40 ಡಿಗ್ರಿ ದಾಟುತ್ತದೆ. ಅಂಥ ಹೊತ್ತಿನಲ್ಲಿ ಲೋಹದ ಪೆಟ್ಟಿಗೆಯೊಳಗಿನ ಪ್ರಯಾಣ ಯಾವ ನಾಯಿಗೂ ಒಳ್ಳೆಯದಲ್ಲ. ಪಗ್‌ನಂಥ ಮೊಂಡು ಮೂಗಿನ ತಳಿಗಳಿಗೆ ಜೀವಕ್ಕೇ ಅಪಾಯ. ಬೇಸಿಗೆಯಲ್ಲಿ ಹೋಗಲೇಬೇಕಾದರೆ ರಾತ್ರಿಯ ರೈಲನ್ನು ಆರಿಸಿಕೊಳ್ಳಿ.

ಪ್ರಮಾಣಪತ್ರ ಕೇಳುವುದು ಗುಮಾಸ್ತರ ಕಿರಿಕಿರಿಯೆಂದು ಕೆಲವರು ತಿಳಿದಿದ್ದಾರೆ. ಅದು ಹಾಗಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ 1978ರಲ್ಲಿ ರಚಿಸಿದ ಪ್ರಾಣಿಗಳ ಸಾಗಣೆ ನಿಯಮಗಳ ಪ್ರಕಾರ, ನಾಯಿ ಮತ್ತು ಬೆಕ್ಕುಗಳ ಸಾಗಣೆಗೆ, ಅವು ಪ್ರಯಾಣಕ್ಕೆ ಯೋಗ್ಯವಾಗಿವೆ, ರೇಬೀಸ್ ಸೇರಿದಂತೆ ಸಾಂಕ್ರಾಮಿಕ ರೋಗದ ಲಕ್ಷಣಗಳಿಲ್ಲ ಎಂಬ ಪಶುವೈದ್ಯರ ಪತ್ರ ಇರಲೇಬೇಕು. ಮೂರು ತಿಂಗಳ ವಯಸ್ಸಿಗೆ ರೇಬೀಸ್ ಲಸಿಕೆ ಆರಂಭಿಸಿ, ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿದ ದಾಖಲೆ ಇದ್ದವರಿಗೆ ಈ ಪತ್ರ ಪಡೆಯುವುದು ಕಷ್ಟವಲ್ಲ. ಪ್ರಯಾಣದ ಹಿಂದಿನ ದಿನ ಓಡಿ ಬಂದು, ಲಸಿಕೆಯನ್ನೇ ಹಾಕಿಸದ ನಾಯಿಗೆ ಪತ್ರ ಕೇಳಿದರೆ ನಾವು ಕೊಡಲಾರೆವು, ಕೊಡಲೂಬಾರದು.

ರಾಜ್ಯದ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಇರುವುದು ನಮ್ಮ ಬೀದರಿನಲ್ಲಿ. ಮುಧೋಳ ನಾಯಿಯ ಸಂಶೋಧನೆ ನಡೆಸುವ ತಿಮ್ಮಾಪುರದ ಕೇಂದ್ರವೂ ಇದರ ಅಡಿಯಲ್ಲಿದೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಸೇನೆಯೂ ತರಬೇತಿಗೆ ತೆಗೆದುಕೊಂಡ ಆ ತಳಿಯ ಮರಿಯನ್ನು ನಮ್ಮ ಜಿಲ್ಲೆಗೆ ತರಲು ಜನರು ಪಡುವ ಪಾಡನ್ನು ಕಂಡಿದ್ದೇನೆ. ಇಷ್ಟು ಜ್ಞಾನ ಹತ್ತಿರದಲ್ಲಿರುವಾಗ, ನಿಲ್ದಾಣದಲ್ಲಿ ಕನ್ನಡದ ಒಂದು ಸೂಚನಾ ಫಲಕವನ್ನು ಸಿದ್ಧಪಡಿಸಲು ನಮ್ಮಂಥವರ ನೆರವು ಕೇಳಿದರೆ ನಾನು ಸಂತೋಷದಿಂದ ಬರೆದುಕೊಡುತ್ತೇನೆ.

ಅದೇ ವಾರ್ಡಿನ ನಿವಾಸಿ, ಕಲಬುರಗಿ

ನನ್ನ ಮಾತನ್ನು ಯಾರೂ ಅನ್ಯಥಾ ಭಾವಿಸಬಾರದೆಂದು ಕೋರುತ್ತೇನೆ. ಭೀಮಾ, ಬೆಣ್ಣೆತೊರೆ ಎರಡೂ ಇದ್ದು, ನಮ್ಮ ನಲ್ಲಿಯಲ್ಲಿ ನೀರು ಬರುವ ದಿನವನ್ನು ನಾವು ಎಣಿಸುತ್ತೇವೆ. ಗಟಾರದ ಕೆಲಸ ಅರ್ಧಕ್ಕೆ ನಿಂತಿದೆ. ಪಾಲಿಕೆ ಸದಸ್ಯರು ತಮ್ಮ ವ್ಯಾಪ್ತಿಗೇ ಬಾರದ ರೈಲಿನ ನಿಯಮಕ್ಕೆ ಒಂದು ಸಂಜೆ ಕೊಟ್ಟದ್ದು ಸರಿಯೇ? ಶಾಲು, ಹಾರ, ಹಣ್ಣಿನ ಬುಟ್ಟಿಗಳಿಗೆ ನಮ್ಮಲ್ಲಿ ಎಂದೂ ಕೊರತೆಯಾಗಿಲ್ಲ.

ಚರ್ಚೆ ಆರಂಭಿಸಿದವರು, ಕಲಬುರಗಿ

ನಿಮ್ಮ ಆಕ್ಷೇಪದಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಗಟಾರದ ಪ್ರಶ್ನೆಯನ್ನು ಅದೇ ಸಭೆಯಲ್ಲಿ ನಾನೂ ಎತ್ತಿದ್ದೆ, ಅದಕ್ಕೆ ಸಮಾಧಾನಕರ ಉತ್ತರ ಬರಲಿಲ್ಲ. ಆದರೆ ಸನ್ಮಾನದ ಕುರಿತು ನಾನು ಕಂಡದ್ದನ್ನು ಹೇಳುತ್ತೇನೆ. ಪೌರಕಾರ್ಮಿಕ ತಾಯಿಯನ್ನು ವೇದಿಕೆಗೆ ಕರೆದಾಗ ಅವರು ಮೊದಲು ಬರಲೊಪ್ಪಲಿಲ್ಲ. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಗೋಡೆಯ ಪಕ್ಕದಲ್ಲೇ ನಿಂತರು. ಮೈಕು ಕೊಟ್ಟಾಗ ಅವರು ಹೇಳಿದ್ದು ಒಂದೇ ವಾಕ್ಯ: "ದೋಣಿ ವಾರಕ್ಕೊಮ್ಮೆ ತಿಕ್ಕಬೇಕ್ರಿ, ಇಲ್ಲಾಂದ್ರ ಪಾಚಿ ಕಟ್ಟಿ ದನ ಕುಡಿಯಂಗಿಲ್ಲ." ಅಂದು ಆಡಿದ ಭಾಷಣಗಳಲ್ಲಿ ಮರುದಿನವೇ ಆಚರಣೆಗೆ ತರಬಹುದಾಗಿದ್ದ ಮಾತು ಅದೊಂದೇ, ಮತ್ತು ನಮ್ಮ ಓಣಿಯ ಹುಡುಗರು ಅದನ್ನು ಮಾಡಿದರು.

ಸನ್ಮಾನಿತ ಆಟೋ ಚಾಲಕರ ಮಗಳು, ಕಲಬುರಗಿ

ನಮ್ಮ ತಂದೆಯವರ ಬಗ್ಗೆ ಬರೆದ ಎಲ್ಲರಿಗೂ ನಮಸ್ಕಾರ. ಅವರಿಗೆ ಓದಿ ಹೇಳಿದೆ. ಅವರ ಪರವಾಗಿ ಎರಡು ಮಾತು ಬರೆಯುತ್ತೇನೆ.

ಅಪ್ಪ ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರೆ. ರಿಂಗ್ ರೋಡಿನಲ್ಲಿ ವಾಹನ ಬಡಿದು ಬಿದ್ದ ನಾಯಿಯೊಂದನ್ನು ಮೊದಲ ಸಲ ಕರೆತಂದ ದಿನ, ಸೀಟಿನ ಮೇಲೆ ರಕ್ತವಾಗಿ ಸಂಜೆಯವರೆಗೆ ಬಾಡಿಗೆ ಸಿಗಲಿಲ್ಲ. ಅಂದಿನಿಂದ ಅವರು ಹಿಂದಿನ ಸೀಟಿನ ಕೆಳಗೆ ಒಂದು ತಾಡಪತ್ರಿ, ಎರಡು ಗೋಣಿಚೀಲ ಇಟ್ಟಿರುತ್ತಾರೆ. ಜನರು ಅವರಿಗೆ ಫೋನು ಮಾಡುವುದು ಹೆಚ್ಚಾಗಿ ರಾತ್ರಿಯಲ್ಲಿ ಮತ್ತು ಭಾನುವಾರ. ಆಗ ಎಲ್ಲಿಗೆ ಒಯ್ಯಬೇಕೆಂಬುದೇ ದೊಡ್ಡ ಪ್ರಶ್ನೆ. 1962 ಸಂಖ್ಯೆಗೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದೆಂಬುದನ್ನು ಅವರೇ ಎಷ್ಟೋ ಹಳ್ಳಿಯವರಿಗೆ ತಿಳಿಸಿದ್ದಾರೆ. ಆದರೂ ನಗರದಲ್ಲಿ ರಜಾದಿನದಂದು ಯಾವ ಆಸ್ಪತ್ರೆಯ ಬಾಗಿಲು ತೆರೆದಿರುತ್ತದೆ, ಯಾವ ವೈದ್ಯರ ಪಾಳಿ ಇದೆ ಎಂಬ ಪಟ್ಟಿಯನ್ನು ಪಾಲಿಕೆ ಪ್ರತಿ ವಾರ್ಡಿನಲ್ಲಿ ಅಂಟಿಸಲಿ ಎಂಬುದು ಅವರ ಕೋರಿಕೆ. ಪ್ರಯಾಣದ ಪ್ರಮಾಣಪತ್ರ ಬೇಕಾದವರಿಗೂ ಅದು ಬೇಕಾಗುತ್ತದೆ, ಏಕೆಂದರೆ ರೈಲು ಸೋಮವಾರ ಬೆಳಿಗ್ಗೆ ಇದ್ದರೆ ವೈದ್ಯರು ಭಾನುವಾರವೇ ಸಿಗಬೇಕು.

ಶಾಲನ್ನು ಅಪ್ಪ ಇನ್ನೂ ಹೊದ್ದಿಲ್ಲ. ದೇವರ ಮನೆಯ ಗೂಡಿನಲ್ಲಿ ಮಡಚಿಟ್ಟಿದ್ದಾರೆ.

ಶಾಲಾ ಶಿಕ್ಷಕಿ, ಯಾದಗಿರಿ

ಬಸ್ಸಿನ ವಿಷಯ ಯಾರೂ ಎತ್ತಲಿಲ್ಲವಾದ್ದರಿಂದ ಬರೆಯುತ್ತೇನೆ. ನಮ್ಮ ಭಾಗದ ಬಹುಪಾಲು ಊರುಗಳಿಗೆ ರೈಲಿಲ್ಲ. ಶಹಾಪುರ, ಸುರಪುರದವರಿಗೆ ಬಸ್ಸೇ ಗತಿ. ವರ್ಗಾವಣೆಯಾಗಿ ಬೇರೆ ಜಿಲ್ಲೆಗೆ ಹೋಗುವಾಗ ನಾನು ಖಾಸಗಿ ಸ್ಲೀಪರ್ ಬಸ್ಸೊಂದರಲ್ಲಿ ಟಿಕೆಟ್ ಮಾಡಿಸಿದ್ದೆ. ಬುಟ್ಟಿಯಲ್ಲಿದ್ದ ಬೆಕ್ಕನ್ನು ಕಂಡ ಸಿಬ್ಬಂದಿ, ಅದನ್ನು ಕೆಳಗಿನ ಡಿಕ್ಕಿಯಲ್ಲಿ ಸಾಮಾನಿನ ಜೊತೆ ಇಡಬೇಕೆಂದರು. ನಾನು ಒಪ್ಪದೆ ಇಳಿದೆ, ಟಿಕೆಟ್ ಹಣ ಹಿಂದಿರುಗಲಿಲ್ಲ. ಅದರ ನೋವು ನನಗಿಲ್ಲ. ಹಾಗೆ ಇಳಿಯಲಾಗದೆ ಒಪ್ಪಿಕೊಂಡವರ ಪ್ರಾಣಿಗಳ ಗತಿ ಏನಾಯಿತೋ ಎಂಬ ಯೋಚನೆ ಇಂದಿಗೂ ಬರುತ್ತದೆ.

ಸರ್ಕಾರಿ ಬಸ್ಸಿನಲ್ಲಿ ದರದ ಗೊಂದಲವಿದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೊರಟ ಅಜ್ಜಿ, ಮೊಮ್ಮಗಳಿಗೆ ಶಕ್ತಿ ಯೋಜನೆಯಡಿ ಉಚಿತ ಟಿಕೆಟ್ ಕೊಟ್ಟು, ಅವರ ಜೊತೆಗಿದ್ದ ನಾಲ್ಕು ಹಕ್ಕಿಗಳಿಗೆ ತಲಾ 111ರಂತೆ 444 ರೂಪಾಯಿ ಪಡೆದದ್ದು ರಾಜ್ಯದಾದ್ಯಂತ ಸುದ್ದಿಯಾಗಿತ್ತು. ಸಾಕುಪ್ರಾಣಿಗೂ ಮಕ್ಕಳಂತೆ ಅರ್ಧ ಟಿಕೆಟ್ ಎಂಬ ಲೆಕ್ಕ ಅದು. ನಿರ್ವಾಹಕರು ನಿಯಮವನ್ನೇ ಪಾಲಿಸಿದ್ದರು. ನಮ್ಮಲ್ಲಿ ಓಡುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸುಗಳು, ಅದರ ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ. ನಿಮ್ಮ ಪಾಲಿಕೆ ಸದಸ್ಯೆ ಸೋಲಾಪುರಕ್ಕೆ ಬರೆಯುವ ಮೊದಲು ಆ ಕಚೇರಿಗೆ ಹೋಗಲಿ. ಯಾವ ಬಸ್ಸಿನಲ್ಲಿ ಯಾವ ಪ್ರಾಣಿಗೆ ಅವಕಾಶವಿದೆ, ಎಷ್ಟು ದರ ಎಂಬುದನ್ನು ಮೂರೂ ಜಿಲ್ಲೆಗಳ ಬಸ್ ನಿಲ್ದಾಣಗಳಲ್ಲಿ ಕನ್ನಡದಲ್ಲಿ ಬರೆದು ಹಾಕಿದರೆ, ಪ್ರಯಾಣಿಕರೂ ನಿರ್ವಾಹಕರೂ ಬಾಗಿಲಲ್ಲಿ ನಿಂತು ವಾದಿಸುವುದು ತಪ್ಪುತ್ತದೆ.

ಇಬ್ಬರು ಮಕ್ಕಳ ತಂದೆ, ಕಲಬುರಗಿ

ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ನನ್ನ ಮಗಳಿಗೆ ಆರು ವರ್ಷವಿದ್ದಾಗ ನಾಯಿ ಕಚ್ಚಿತು. ಗಾಯವನ್ನು ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದು, 0, 3, 7 ಮತ್ತು 28ನೇ ದಿನದ ಚುಚ್ಚುಮದ್ದುಗಳನ್ನು ತಪ್ಪದೆ ಕೊಡಿಸಿದೆವು. ಗಾಯ ಮಾಯಿತು, ಹೆದರಿಕೆ ಉಳಿಯಿತು. ಕಿಕ್ಕಿರಿದ ಬಸ್ಸಿನಲ್ಲಿ ಅವಳ ಪಕ್ಕ ಒಂದು ನಾಯಿ ನಿಂತರೆ ಅವಳು ಏನು ಮಾಡಬೇಕು? 2025ರ ನವೆಂಬರ್ 7ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆರವುಗೊಳಿಸಲು ಹೇಳಿದೆಯಲ್ಲವೇ?

ಪಶುವೈದ್ಯರು, ಬೀದರ್

ನಿಮ್ಮ ಮಗಳ ಹೆದರಿಕೆ ನ್ಯಾಯವಾದದ್ದು; ಅರ್ಜಿಯಲ್ಲಿ ಅವಳಿಗೂ ಜಾಗವಿರಬೇಕು. ಆ ಆದೇಶ ಬೀದಿನಾಯಿಗಳಿಗೆ ಸಂಬಂಧಿಸಿದ್ದು. ಟಿಕೆಟ್, ರಸೀದಿ, ಲಸಿಕೆಯ ದಾಖಲೆಯೊಂದಿಗೆ ಬರುವ ಸಾಕುನಾಯಿಯ ಪ್ರಯಾಣ ಬೇರೆ ವಿಷಯ. ಎರಡನ್ನೂ ಬೆರೆಸಿದರೆ ಯಾವುದಕ್ಕೂ ಪರಿಹಾರ ಸಿಗುವುದಿಲ್ಲ. ಆದರೆ ನಿಲ್ದಾಣದಲ್ಲಿ ಹಗ್ಗ ಮತ್ತು ಬಾಯಿಗವಸು ಇಲ್ಲದೆ ನಾಯಿಯನ್ನು ತರಬಾರದು, ಪ್ರಾಣಿ ಇರುವ ಬಸ್ಸಿನಲ್ಲಿ ಒಪ್ಪದವರಿಗೆ ಬೇರೆ ಸೀಟು ಕೊಡಬೇಕು ಎಂಬ ಎರಡು ಸಾಲುಗಳನ್ನು ನಮ್ಮ ಕಡೆಯಿಂದಲೇ ಬರೆಯೋಣ. ಸಾಕುವವರೇ ಮೊದಲು ಹೊಣೆ ಹೊತ್ತರೆ ಅಧಿಕಾರಿಗಳು ಬೇಡಿಕೆಯನ್ನು ಕಿವಿಗೊಟ್ಟು ಕೇಳುತ್ತಾರೆ.

ಚರ್ಚೆ ಆರಂಭಿಸಿದವರು, ಕಲಬುರಗಿ

ಎಲ್ಲರ ಸಲಹೆಗಳನ್ನು ಸೇರಿಸಿ ಕರಡು ಸಿದ್ಧವಾಗಿದೆ. ಪಾರ್ಸೆಲ್ ಕಚೇರಿಯ ಮುಂದೆ ನಿಯಮ ಮತ್ತು ದರಗಳ ಕನ್ನಡ ಫಲಕ. ಕೂಪೆಯ ಕೋರಿಕೆಯನ್ನು ಸ್ಥಳೀಯ ನಿಲ್ದಾಣದಲ್ಲೇ ಸ್ವೀಕರಿಸಿ ಮುಂದೆ ಕಳುಹಿಸುವ ವ್ಯವಸ್ಥೆ. ಬೇಸಿಗೆಯಲ್ಲಿ ಡಾಗ್ ಬಾಕ್ಸ್‌ಗೆ ಹಗಲು ಹೊತ್ತಿನ ಬುಕಿಂಗ್ ನಿಲ್ಲಿಸುವುದು. ಡೆಮು ರೈಲಿನಲ್ಲಿ ಬುಟ್ಟಿಯಲ್ಲಿ ಹಿಡಿಯುವ ಸಣ್ಣ ಪ್ರಾಣಿಗಳಿಗೆ ಅವಕಾಶ. ಬಸ್ ನಿಲ್ದಾಣಗಳಲ್ಲಿ ದರಪಟ್ಟಿ. ಬಾಯಿಗವಸು ಮತ್ತು ಬೇರೆ ಸೀಟಿನ ಸಾಲುಗಳು. ರಜಾದಿನದ ಪಶುವೈದ್ಯರ ಪಟ್ಟಿ ಪಾಲಿಕೆಗೆ ಪ್ರತ್ಯೇಕ ಪತ್ರವಾಗಿ ಹೋಗುತ್ತದೆ. ಗಟಾರದ ಪತ್ರವೂ ಅದೇ ದಿನ ಹೋಗುತ್ತದೆ. ಆಕ್ಷೇಪ ಎತ್ತಿದ ನಿವಾಸಿಗಳು ಅದನ್ನು ಬರೆಯಲು ಒಪ್ಪಿದ್ದಾರೆ. ಬೀದರ್ ಮತ್ತು ಯಾದಗಿರಿಯವರು ತಮ್ಮ ವಿಭಾಗದ ವಿಳಾಸ ಹಾಕಿ ಗುರುವಾರದೊಳಗೆ ಸಹಿ ಸಂಗ್ರಹಿಸಬೇಕೆಂದು ಕೋರಿಕೆ. ಪಾಲಿಕೆ ಸದಸ್ಯೆ ಸೋಮವಾರ ಹನ್ನೊಂದು ಗಂಟೆಗೆ ಸಾರಿಗೆ ನಿಗಮದ ಕಚೇರಿಗೆ ನಮ್ಮ ಜೊತೆ ಬರುತ್ತಾರೆ.

ಕೂಪೆಯಲ್ಲಿ ನಾಯಿಯೊಂದಿಗೆ ಪ್ರಯಾಣಿಸಿದವರು, ಕಲಬುರಗಿ

ಆ ಅಜ್ಜನವರಿಗೆ ಕೂಪೆಯ ಅರ್ಜಿ ಬರೆಯಲು ನಾನು ಮನೆಗೇ ಬರುತ್ತೇನೆ. ಆದರೆ ಅವರು ಒಬ್ಬರೇ ಹೋಗುವುದಾದರೆ ಎರಡನೇ ಬರ್ತ್‌ಗೆ ಯಾರು?

ಚರ್ಚೆ ಆರಂಭಿಸಿದವರು, ಕಲಬುರಗಿ

ನಿನ್ನೆ ಕೇಳಿದೆ. ಅಜ್ಜಿ ಪುಣೆಯಿಂದ ಬರುತ್ತಾರಂತೆ. ಬಿಸಿಲು ಇಳಿದ ಮೇಲೆ, ನವೆಂಬರ್‌ನಲ್ಲಿ, ಇಬ್ಬರ ಹೆಸರಿನಲ್ಲಿ ಒಂದೇ ಪಿಎನ್‌ಆರ್ ಮಾಡಿಸಿ ಮೂವರೂ ಒಟ್ಟಿಗೆ ಹೋಗುತ್ತಾರೆ. ನಾಯಿಯ ಲಸಿಕೆಯ ಪುಸ್ತಕದಲ್ಲಿ ಈ ವರ್ಷದ ಮುದ್ರೆ ಬಿದ್ದಿರಲಿಲ್ಲ. ಸನ್ಮಾನ ಪಡೆದ ಕಾಂಪೌಂಡರ್ ಕಾಕಾ ಇಂದು ಬೆಳಿಗ್ಗೆ ಅಜ್ಜನನ್ನೂ ನಾಯಿಯನ್ನೂ ಅದೇ ಆಟೋದಲ್ಲಿ ಪಶು ಆಸ್ಪತ್ರೆಗೆ ಕರೆದೊಯ್ದಿದ್ದಾರೆ.